ಯಾರು ಯಾವ ಕಲ್ಲಿನ ಮುಂದೆ ನಿಂತರು

2001ರ ಡಿಸೆಂಬರ್ ತಿಂಗಳಲ್ಲಿ, ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯ ಪ್ರೌಢಶಾಲೆಯ ಹತ್ತನೆಯ ತರಗತಿಯವರು ಮೂರು ದಿನಗಳ ಪ್ರವಾಸ ಹೊರಟೆವು. ಬೇಸಿಗೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದು ಮುಗಿದರೆ ಕೆಲವರು ತಿಪಟೂರಿಗೆ, ಕೆಲವರು ಹಾಸನಕ್ಕೆ, ಕೆಲವರು ತೋಟಕ್ಕೆ, ಇನ್ನು ಕೆಲವು ಹುಡುಗಿಯರು ಮದುವೆಗೆ ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ತಲೆಗೆ 350 ರೂಪಾಯಿ, 41 ಮಂದಿ ವಿದ್ಯಾರ್ಥಿಗಳು, 3 ಮಂದಿ ಮೇಷ್ಟ್ರುಗಳು, ಒಪ್ಪಂದದ ಮೇಲೆ ಪಡೆದ ಒಂದು ಕೆಂಪು ಬಸ್ಸು. ಹೊರಡುವ ಹಿಂದಿನ ದಿನ ಕನ್ನಡ ಮೇಷ್ಟ್ರು ನನ್ನನ್ನು ಕರೆದು, ಇನ್ನೂರು ಪುಟದ ಒಂದು ನೋಟ್ ಪುಸ್ತಕವನ್ನು ಕೈಗಿಟ್ಟು, “ಇಸವಿ, ಅಳತೆ ಎಲ್ಲ ಪುಸ್ತಕದಲ್ಲೇ ಇರುತ್ತೆ. ನೀನು ಯಾರು ಯಾವ ಕಲ್ಲಿನ ಮುಂದೆ ಎಷ್ಟು ಹೊತ್ತು ನಿಂತರು ಅನ್ನೋದನ್ನ ಬರಿ” ಎಂದರು. ನಾನು ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿ ಬಂದಾಗ, ಅಟ್ಟದ ಮೇಲಿನ ಟ್ರಂಕಿನಿಂದ ಆ ಪುಸ್ತಕವನ್ನು ಇಳಿಸಿ ಓದಿದೆ. ಇಲ್ಲಿರುವುದು ಬಹುಮಟ್ಟಿಗೆ ಅದರ ನಕಲು. ನನ್ನ ಸಹಪಾಠಿಗಳ ನಿಜವಾದ ಹೆಸರುಗಳನ್ನು ಬಿಟ್ಟು, ತರಗತಿಯಲ್ಲಿ ನಾವು ಪ್ರೀತಿಯಿಂದ ಕರೆಯುತ್ತಿದ್ದ ಅಡ್ಡಹೆಸರುಗಳನ್ನೇ ಉಳಿಸಿಕೊಂಡಿದ್ದೇನೆ.

ಮೊದಲನೆಯ ದಿನ

ಬೆಳಗಿನ ಜಾವ ಐದು ಗಂಟೆಗೆ ಶಾಲೆಯ ಮುಂದೆ ಬಸ್ಸು ನಿಂತಿತ್ತು. ಅದರ ಬಾಗಿಲಿಗೆ ಅಡ್ಡಲಾಗಿ, ಮಫ್ಲರ್ ಸುತ್ತಿಕೊಂಡು, ನಮ್ಮ ತರಗತಿಯ ನಾಯಕಿ ನಿಂತಿದ್ದಳು. ಅವಳ ಅಡ್ಡಹೆಸರು ‘ಹಾಜರಿ’. ಎಂಟನೆಯ ತರಗತಿಯಲ್ಲಿ ಒಮ್ಮೆ ಮೇಷ್ಟ್ರ ಕನ್ನಡಕ ಒಡೆದಾಗ ಹಾಜರಿ ಕೂಗುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹೊಸ ಕನ್ನಡಕ ಬಂದ ಮೇಲೂ ಆ ಕೆಲಸ ಅವಳಿಂದ ಹಿಂದಕ್ಕೆ ಹೋಗಲಿಲ್ಲ. 41 ಹೆಸರುಗಳೂ ಅವಳಿಗೆ ಮಗ್ಗಿಯಂತೆ ಬಾಯಿಪಾಠವಾಗಿದ್ದವು. ತಲೆ ಎಣಿಸುವುದರಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ. ತಲೆಗಳೆಲ್ಲ ಒಂದೇ ತರಹ ಇರುತ್ತವೆ, ಹೆಸರು ಕೂಗಿದರೆ ಮಾತ್ರ ಮನುಷ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತದೆ ಎಂಬುದು ಅವಳ ವಾದ. ಹೀಗಾಗಿ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಚಾಲಕರು ಟೀ ಕುಡಿಯಲು ನಿಲ್ಲಿಸಿದ ಐದು ನಿಮಿಷದಲ್ಲಿ, ಚನ್ನರಾಯಪಟ್ಟಣದಲ್ಲಿ ಗಾಳಿ ಹಿಡಿಸಿದ ಹತ್ತು ನಿಮಿಷದಲ್ಲಿ, ಹೀಗೆ ಶ್ರವಣಬೆಳಗೊಳ ಮುಟ್ಟುವುದರೊಳಗೆ ಅವಳು ನಮ್ಮನ್ನೆಲ್ಲ ನಾಲ್ಕು ಸಲ ಕೂಗಿ ಮುಗಿಸಿದ್ದಳು. ಕೊನೆಗೆ ಚಾಲಕರೇ ನಮ್ಮ ಕ್ರಮಸಂಖ್ಯೆಗಳನ್ನು ಕಲಿತು, “ಹದಿನೇಳು ಎಲ್ಲಮ್ಮಾ, ಕಾಣ್ತಿಲ್ಲ?” ಎಂದು ಕೇಳತೊಡಗಿದರು.

ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳಿವೆ: ಚಂದ್ರಗಿರಿ ಎಂಬ ಚಿಕ್ಕಬೆಟ್ಟ, ವಿಂಧ್ಯಗಿರಿ ಎಂಬ ದೊಡ್ಡಬೆಟ್ಟ. ಇವೆರಡರ ನಡುವೆ ಊರಿಗೆ ಹೆಸರು ಕೊಟ್ಟ ಬಿಳಿಯ ಕೊಳ. ದೊಡ್ಡಬೆಟ್ಟವನ್ನು ಬರಿಗಾಲಿನಲ್ಲಿ ಹತ್ತಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ನಾವೆಲ್ಲ ಏದುಸಿರು ಬಿಡುತ್ತ ಹತ್ತುತ್ತಿದ್ದಾಗ, ಒಬ್ಬ ಮಾತ್ರ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ತನ್ನ ತೋಟದ ಬದುವಿನ ಮೇಲೆ ನಡೆಯುವವನಂತೆ ಹೋಗುತ್ತಿದ್ದನು. ಅವನು ‘ಕೊಬ್ಬರಿ’.

ಕೊಬ್ಬರಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವನದು ಮೂರು ತಲೆಮಾರಿನ ತೆಂಗಿನ ತೋಟ. ಗಣಿತದಲ್ಲಿ ಅವನು 35 ಅಂಕ ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಹಂಚುವಾಗ ಗಣಿತದ ಮೇಷ್ಟ್ರು ಅವನದನ್ನು ಮಡಿಸಿ ಕೊಡುತ್ತಿದ್ದರು, ಬೇರೆಯವರಿಗೆ ಕಾಣದಿರಲಿ ಎಂದು. ಆದರೆ ಲೋಕದ ಎಲ್ಲ ಎತ್ತರಗಳಿಗೂ ಅವನಲ್ಲಿ ಒಂದು ಅಳತೆಯಿತ್ತು. ಶಾಲೆಯ ಧ್ವಜಸ್ತಂಭ ಅವನ ಲೆಕ್ಕದಲ್ಲಿ ಐದು ವರ್ಷದ ಸಸಿ. ಊರಿನ ನೀರಿನ ಟ್ಯಾಂಕು ಫಲಕ್ಕೆ ಬಂದ ಮರ. ದಿನ ಬಿಟ್ಟು ದಿನ ಮರ ಹತ್ತಿ ಇಳಿಯುವ ಅವನ ಕೈಕಾಲುಗಳಿಗೆ, ಯಾವುದು ಎಷ್ಟು ಮಾರು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಗೊಮ್ಮಟನ ಅಂಗಳಕ್ಕೆ ಕಾಲಿಟ್ಟಾಗ ಉಳಿದ ನಾವೆಲ್ಲ ಒಮ್ಮೆಗೇ ಮೌನವಾದೆವು. ಹುತ್ತದಿಂದ ಹೊರಟ ಹಾವುಗಳು ಕಾಲಬುಡದಲ್ಲಿ, ಮಾಧವಿ ಬಳ್ಳಿ ತೊಡೆಯನ್ನು ಸುತ್ತಿ ತೋಳಿಗೇರಿದೆ, ಮುಖ ಮಾತ್ರ ಯಾವುದನ್ನೂ ಅರಿಯದಂತೆ ಮೇಲೆ, ಆಕಾಶದಲ್ಲಿದೆ. ಕೊಬ್ಬರಿ ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಚಾಚಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ, “ನಮ್ ತೋಟದ ಮೂಲೆ ಮರದಷ್ಟು ಐತೆ ಸಾ. ಅರವತ್ತಡಿಗೆ ಒಂದೆರಡಡಿ ಕಮ್ಮಿ” ಎಂದನು. ಸಮಾಜದ ಮೇಷ್ಟ್ರು ಆಗಿನ್ನೂ ಬಾಯಿ ತೆರೆದಿರಲಿಲ್ಲ. ಅವರು ತೆರೆದು ಹೇಳಿದ್ದು ಹೀಗೆ: ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಈ ಏಕಶಿಲಾ ವಿಗ್ರಹದ ಎತ್ತರ 58 ಅಡಿ. ಗಣಿತದ ಮೇಷ್ಟ್ರು ಕೊಬ್ಬರಿಯ ಕಡೆಗೆ ತಿರುಗಿ, ಬಹಳ ಹೊತ್ತು ಅವನನ್ನೇ ನೋಡಿದರು. ಅವರು ಗೊಮ್ಮಟನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವನನ್ನು ನೋಡಿದರೆಂದು ನನ್ನ ಪುಸ್ತಕದಲ್ಲಿ ಬರೆದಿದೆ.

ವಿಗ್ರಹದ ಪಾದದ ಬಳಿಯ ಶಾಸನವನ್ನು ಕನ್ನಡ ಮೇಷ್ಟ್ರು ಓದಿ ಹೇಳಿದರು: “ಶ್ರೀ ಚಾಮುಣ್ಡರಾಜಂ ಮಾಡಿಸಿದಂ.” ಅಷ್ಟು ದೊಡ್ಡ ಕೆಲಸಕ್ಕೆ ಇಷ್ಟು ಚಿಕ್ಕ ವಾಕ್ಯ ಸಾಕಾಯಿತಲ್ಲ ಎಂದು ಅವರು ಬೆರಗುಪಡುತ್ತಿರುವಾಗ, ಹಿಂದಿನಿಂದ ‘ಅಂಕ’ಳ ಧ್ವನಿ ಕೇಳಿಸಿತು: “ಸಾರ್, ಇದು ಎಷ್ಟು ಅಂಕದ ಪ್ರಶ್ನೆ?” ಅಂಕ ನಮ್ಮ ತರಗತಿಗೆ ಮೊದಲಿಗಳು. ತಾಲ್ಲೂಕಿಗೇ ಮೊದಲು ಬರಬೇಕೆಂದು ಮನೆಯವರೆಲ್ಲ ದೇವರಿಗೆ ಹೇಳಿಕೊಂಡಿದ್ದ ಕಾರಣ, ಆ ಹುಡುಗಿ ಪ್ರವಾಸದಲ್ಲಿಯೂ ಲೋಕವನ್ನು ಒಂದು ಅಂಕದ್ದು, ಎರಡು ಅಂಕದ್ದು, ನಾಲ್ಕು ಅಂಕದ್ದು ಎಂದು ವಿಂಗಡಿಸಿಕೊಂಡೇ ನೋಡುತ್ತಿದ್ದಳು. ಮೇಷ್ಟ್ರು ನಗಲಿಲ್ಲ. “ಇದು ಅಂಕ ಇಲ್ಲದ ಪ್ರಶ್ನೆ ಮಗಳೇ, ಸುಮ್ಮನೆ ಇಟ್ಕೊ” ಎಂದರು. ಅವಳು ಅದನ್ನೂ ಬರೆದುಕೊಂಡಳು.

ಗೊಮ್ಮಟನ ಎದುರಿಗೆ, ಬಾಗಿಲ ಬಳಿ, ಗುಳ್ಳಕಾಯಜ್ಜಿಯ ವಿಗ್ರಹವಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದ ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹನಿ ಹಾಲು ಮಾತ್ರ ಮೈಯೆಲ್ಲ ತೊಯ್ಯಿಸಿ ಪಾದದವರೆಗೆ ಹರಿಯಿತು ಎಂಬುದು ಕಥೆ. ಆ ದಿನ ರಾತ್ರಿಯೇ ನಮಗೆ ಅಂಥ ಒಬ್ಬ ಅಜ್ಜಿ ಸಿಕ್ಕಿದಳು, ಅವಳು ಹುಡುಗನಾಗಿದ್ದಳು ಎಂಬುದಷ್ಟೇ ವ್ಯತ್ಯಾಸ. ನಡೆದದ್ದು ಹೀಗೆ. ನಮ್ಮ ಅಡುಗೆಯನ್ನು ನಾವೇ ಪಾತ್ರೆಗಳಲ್ಲಿ ತಂದಿದ್ದೆವು; ಬಸ್ಸಿನ ಹಿಂಭಾಗದಲ್ಲಿ ಅವರೆಕಾಳಿನ ಸಾರಿನ ಕೊಳಗ ಮಗುಚಿ, ಸಾರೆಲ್ಲ ಜಮಖಾನದ ಪಾಲಾಗಿತ್ತು. ಧರ್ಮಶಾಲೆಯ ಹಜಾರದಲ್ಲಿ ಬರಿಯ ಅನ್ನದ ಮುಂದೆ ಪೆಚ್ಚಾಗಿ ಕುಳಿತಿದ್ದಾಗ, ಸದಾ ಏನನ್ನಾದರೂ ಮೆಲ್ಲುತ್ತಿರುತ್ತಾನೆಂದು ನಾವೆಲ್ಲ ಹಾಸ್ಯ ಮಾಡುತ್ತಿದ್ದ ದುಂಡು ಹುಡುಗ, ತನ್ನ ಚೀಲದಿಂದ ಒಂದು ಸ್ಟೀಲ್ ಡಬ್ಬಿಯನ್ನು ತೆಗೆದನು. ಅದರಲ್ಲಿ ಹುರುಳಿಕಾಳಿನ ಚಟ್ನಿಪುಡಿ. ಅದರ ಕೆಳಗೆ ಇನ್ನೊಂದು ಡಬ್ಬಿ, ಅದರಲ್ಲಿ ತುಪ್ಪ. ಇನ್ನೊಂದರಲ್ಲಿ ನಿಪ್ಪಟ್ಟು, ಮತ್ತೊಂದರಲ್ಲಿ ಕೋಡುಬಳೆ, ಕೊನೆಯದರಲ್ಲಿ ಕೊಬ್ಬರಿ ಮಿಠಾಯಿ. ಅವನ ತಾಯಿ ಮೂರು ದಿನಕ್ಕೆಂದು ಕಟ್ಟಿಕೊಟ್ಟಿದ್ದುದನ್ನು ಅವನು ಒಂದೇ ರಾತ್ರಿಯಲ್ಲಿ ಪಂಕ್ತಿಗೆ ಬಡಿಸಿಬಿಟ್ಟನು, ಬಗ್ಗಿ ಬಡಿಸುವಾಗ, “ಇನ್ನೊಂಚೂರು ಹಾಕ್ಲಾ? ತುಪ್ಪ ಜಾಸ್ತಿ ಹಾಕ್ಕೊಂಡ್ರೆ ಖಾರ ಗೊತ್ತಾಗಲ್ಲ” ಎಂದು ಪ್ರತಿಯೊಬ್ಬರನ್ನೂ ವಿಚಾರಿಸಿದನು. 44 ಜನ ಉಂಡರೂ ಚಟ್ನಿಪುಡಿಯ ಡಬ್ಬಿ ಬರಿದಾಗಲಿಲ್ಲ. ಅಂದಿನಿಂದ ಅವನು ಗುಳ್ಳಕಾಯಜ್ಜಿ. ಈ ಹೆಸರಿನಿಂದ ಅವನಿಗಾದಷ್ಟು ಸಂತೋಷ, ಬಹುಶಃ ಬೇರೆ ಯಾವ ಬಿರುದಿನಿಂದಲೂ ಆಗುತ್ತಿರಲಿಲ್ಲ.

ನಡುರಾತ್ರಿ. ಹಜಾರದ ಒಂದು ಬದಿಗೆ ಹುಡುಗಿಯರು, ಹಲಗೆಯ ಮರೆಯ ಆಚೆಗೆ ಹುಡುಗರು. ಇದ್ದಕ್ಕಿದ್ದಂತೆ ಹಾಜರಿ ನಿದ್ದೆಗಣ್ಣಿನಲ್ಲಿ ಎದ್ದು ಕುಳಿತು, ಒಂದನೆಯ ಸಂಖ್ಯೆಯಿಂದ ಹೆಸರು ಕೂಗತೊಡಗಿದಳು. ಕಣ್ಣು ಮುಚ್ಚಿಯೇ ಇತ್ತು. ಅದಕ್ಕಿಂತ ಆಶ್ಚರ್ಯವೆಂದರೆ, ಕತ್ತಲೆಯ ಬೇರೆ ಬೇರೆ ಮೂಲೆಗಳಿಂದ, ಕಂಬಳಿಗಳ ಒಳಗಿನಿಂದ, ನಿದ್ದೆಯಲ್ಲೇ ಉತ್ತರಗಳು ಬಂದವು: “ಹಾಜರ್ ಸಾರ್”, “ಹಾಜರ್ ಸಾರ್.” ಇಪ್ಪತ್ತಮೂರರವರೆಗೆ ಕೂಗಿ ಅವಳು ಮಲಗಿದಳು. ಇಪ್ಪತ್ತನಾಲ್ಕನೆಯವನು ಮಾತ್ರ ತನ್ನ ಹೆಸರು ಬರಲಿಲ್ಲವೆಂದು ಬೆಳಗಿನವರೆಗೂ ಎಚ್ಚರವಾಗಿದ್ದನಂತೆ.

ಎರಡನೆಯ ದಿನ

ಹಾಸನದಲ್ಲಿ ತಿಂಡಿ ಮುಗಿಸಿ ಹತ್ತು ಗಂಟೆಯ ಹೊತ್ತಿಗೆ ಹಳೇಬೀಡು ಮುಟ್ಟಿದೆವು. ಹೊಯ್ಸಳೇಶ್ವರ ದೇವಾಲಯದ ಕೆಲಸ ಆರಂಭವಾದದ್ದು 1121ರಲ್ಲಿ. ಆಗ ಇದು ದ್ವಾರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ಮೇಲೆ ಊರಿನ ಭಾಗ್ಯ ಇಳಿಮುಖವಾಯಿತು. ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆ, ಮಕರ, ಹಂಸ. ನಮ್ಮ ಪೈಕಿ ನಾಲ್ವರು ಹುಡುಗರು ಆನೆಗಳನ್ನು ಎಣಿಸಲು ಹೊರಟು, ಒಂದು ಸುತ್ತು ಮುಗಿಯುವಷ್ಟರಲ್ಲಿ ನಾಲ್ಕು ಬೇರೆ ಬೇರೆ ಲೆಕ್ಕ ತಂದು ಜಗಳಕ್ಕೆ ನಿಂತರು.

ನಮ್ಮ ತರಗತಿಯಲ್ಲಿ ಅಡ್ಡಹೆಸರಿಲ್ಲದವಳು ಒಬ್ಬಳೇ ಇದ್ದಳು. ಅಡ್ಡಹೆಸರು ಇಡಬೇಕಾದರೂ ಮನುಷ್ಯ ಏನಾದರೊಂದು ಮಾತಾಡಬೇಕು, ಒಂದು ತಪ್ಪನ್ನಾದರೂ ಮಾಡಬೇಕು. ಅವಳು ಮೂರು ವರ್ಷಗಳಲ್ಲಿ “ಹಾಜರ್ ಸಾರ್” ಎಂಬುದನ್ನು ಬಿಟ್ಟು ಬೇರೆ ಏನನ್ನಾದರೂ ಹೇಳಿದ್ದುಂಟೇ ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಮೂರನೆಯ ಬೆಂಚಿನ ಗೋಡೆ ಬದಿ, ಎರಡು ಜಡೆ, ಸದಾ ತಗ್ಗಿದ ತಲೆ. ಆ ದಿನ ಅವಳು ಗುಂಪಿನಿಂದ ಹಿಂದೆ ಉಳಿದಳು. ಹಾಜರಿ ಹುಡುಕಿಕೊಂಡು ಹೋದಳು, ಹಾಜರಿಯನ್ನು ಹುಡುಕಿಕೊಂಡು ನಾನು ಹೋದೆ. ನೋಡಿದರೆ, ಕೈಲಾಸವನ್ನು ಎತ್ತುತ್ತಿರುವ ರಾವಣನ ಮುಂದೆ ಆ ಹುಡುಗಿ ನಿಂತು, ಸಣ್ಣ ದನಿಯಲ್ಲಿ, ರಾಗವಾಗಿ, ಏನನ್ನೋ ಹೇಳಿಕೊಳ್ಳುತ್ತಿದ್ದಳು. ಅವಳ ತಂದೆ ಮೂಡಲಪಾಯದ ಭಾಗವತರೆಂಬುದು ನಮಗೆ ಆವರೆಗೂ ತಿಳಿದಿರಲಿಲ್ಲ. ಮಗುವಾಗಿದ್ದಾಗಿನಿಂದ ರಾತ್ರಿಯಿಡೀ ಬಯಲಾಟದ ಚೌಕಿಯ ಮೂಲೆಯಲ್ಲಿ ಮಲಗಿ ಬೆಳೆದವಳಿಗೆ, ಈ ಗೋಡೆಯ ಮೇಲಿದ್ದವರೆಲ್ಲ ಮನೆಗೆ ಬಂದು ಹೋಗುವ ನೆಂಟರಿದ್ದಂತೆ.

“ನಿಲ್ಲಿಸಬೇಡ ಕಣೇ, ಜೋರಾಗಿ ಹೇಳು” ಎಂದು ಹಾಜರಿ ಅವಳ ಕೈ ಹಿಡಿದಳು. ಆಮೇಲೆ ನಡೆದದ್ದನ್ನು ನಾನು ಪುಸ್ತಕದಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಅವಳು ಗೋಡೆಯ ಉದ್ದಕ್ಕೂ ನಡೆಯುತ್ತ, ಗೋವರ್ಧನವನ್ನು ಎತ್ತಿ ಹಿಡಿದ ಕೃಷ್ಣನ ಅಡಿಯಲ್ಲಿ ನಿಂತ ದನಕರುಗಳನ್ನು ಒಂದೊಂದಾಗಿ ತೋರಿಸಿದಳು. ಚಕ್ರವ್ಯೂಹದೊಳಗೆ ನುಗ್ಗಿದ ಅಭಿಮನ್ಯುವಿನ ಮುಂದೆ ನಿಂತಾಗ ಅವಳ ಧ್ವನಿ ಏರಿತು, ಎರಡೂ ಕೈಗಳು ತಾವಾಗಿ ಅಭಿನಯಕ್ಕೆ ಎದ್ದವು. ಆನೆ ಎಣಿಸುತ್ತಿದ್ದವರು ಲೆಕ್ಕ ಬಿಟ್ಟು ಬಂದರು. ಬೇರೆ ಊರಿನಿಂದ ಬಂದ ಯಾತ್ರಿಕರು ಸೇರಿಕೊಂಡರು. ಅವರನ್ನು ಕರೆತಂದಿದ್ದ ಗೈಡ್ ತಾನು ಹೇಳುತ್ತಿದ್ದುದನ್ನು ಅರ್ಧಕ್ಕೆ ನಿಲ್ಲಿಸಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಕೊನೆಯವರೆಗೂ ಕೇಳಿದನು. ಅಭಿಮನ್ಯು ಬಿದ್ದಾಗ ಅವಳು ನಿಲ್ಲಿಸಿ, ಸುತ್ತಲಿನ ಜನರನ್ನು ಆಗಷ್ಟೇ ಕಂಡವಳಂತೆ ಬೆಚ್ಚಿ, ಹಾಜರಿಯ ಬೆನ್ನ ಹಿಂದೆ ಅಡಗಿದಳು. ಅವಳಿಗೆ ‘ಭಾಗವತರು’ ಎಂಬ ಹೆಸರು ಬಂದದ್ದು ಹೀಗೆ. ಅಡ್ಡಹೆಸರುಗಳಲ್ಲಿ ಬಹುವಚನ ಪಡೆದವಳು ಅವಳೊಬ್ಬಳೇ.

ಬಸ್ತಿಹಳ್ಳಿಯ ಜಿನಾಲಯಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಿವೆ. ಅವುಗಳ ಮುಂದೆ ನಾವೆಲ್ಲ ತಲೆ ಬಾಚಿಕೊಂಡೆವು ಎಂಬುದನ್ನು ಬಿಟ್ಟರೆ ಅಲ್ಲಿ ಬರೆಯುವಂಥದ್ದೇನೂ ನಡೆಯಲಿಲ್ಲ.

ಮಧ್ಯಾಹ್ನ ಬೇಲೂರು. ತಲಕಾಡಿನಲ್ಲಿ ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ. ಬಾಗಿಲ ಬಳಿ ಸಿಂಹದೊಂದಿಗೆ ಸೆಣಸುವ ಸಳನ ವಿಗ್ರಹವನ್ನು ಕಂಡ ಕೂಡಲೇ, ತಾಲ್ಲೂಕು ಮಟ್ಟದ ಕಬಡ್ಡಿ ಆಟಗಾರನಾಗಿದ್ದ ‘ಪೈಲ್ವಾನ’ ನೆಲದ ಮೇಲೆ ಕೈಕಾಲೂರಿ ಸಿಂಹವಾದನು. ತರಗತಿಯಲ್ಲೆಲ್ಲ ಚಿಕ್ಕವನಾದ ‘ಲವಂಗ’ ನೀರಿನ ಬಾಟಲಿಯನ್ನು ಕಠಾರಿಯಂತೆ ಎತ್ತಿ ಸಳನಾದನು. “ಹೊಯ್ ಸಳ!” ಎಂದು ನಾವು 38 ಜನ ಒಟ್ಟಿಗೆ ಕೂಗಿದೆವು. ಲವಂಗನ ಎತ್ತರ ಪೈಲ್ವಾನನ ಸೊಂಟಕ್ಕೆ ಬರುತ್ತಿತ್ತು. ಊಟದ ಬಿಡುವಿನಲ್ಲಿ ಅವನ ಟೊಪ್ಪಿಗೆಯನ್ನು ಕಿತ್ತು ಕಿಟಕಿಯ ಮೇಲಿಡುವುದು ಪೈಲ್ವಾನನ ನಿತ್ಯದ ಕೆಲಸ. ಆ ದಿನ ಮಾತ್ರ ಪೈಲ್ವಾನ ಅಚ್ಚುಕಟ್ಟಾಗಿ, ನಾಲಗೆ ಹೊರಚಾಚಿ, ಸತ್ತನು.

ಈ ದೃಶ್ಯದ ಫೋಟೋ ಇಲ್ಲ. ಏಕೆಂದರೆ ನಮ್ಮಲ್ಲಿದ್ದ ಒಂದೇ ಕ್ಯಾಮೆರಾದ ಒಡೆಯನಾದ ‘ರೀಲು’, ಆ ಹೊತ್ತಿನಲ್ಲಿ ಗುಡಿಯ ಹಿಂದೆ ಕತ್ತೆತ್ತಿ ನಿಂತಿದ್ದನು. ಸೋದರಮಾವನಿಂದ ಬೇಡಿ ತಂದ ಕ್ಯಾಮೆರಾ, ಅದರಲ್ಲಿ 36 ಚಿತ್ರಗಳ ಒಂದೇ ರೀಲು. ಯಾರಿಗೆ ಎಷ್ಟು ಎಂದು ಅವನು ಮೊದಲೇ ಪಟ್ಟಿ ಮಾಡಿದ್ದನು; ಬೆಳಕು ಎದುರಿಗಿದೆ, ನೀವು ಕಣ್ಣು ಮುಚ್ಚುತ್ತೀರಿ, ಹಿಂದೆ ದನ ಬಂದಿದೆ ಎಂದು ಪ್ರತಿ ಸಲವೂ ಬೇಡವೆನ್ನುತ್ತಿದ್ದನು. ಅಂಥವನು ಬೇಲೂರಿನಲ್ಲಿ ಒಂದೇ ಮದನಿಕೆಗೆ ಮೂರು ಚಿತ್ರ ಖರ್ಚು ಮಾಡಿದನು. ನಾವು ಸಿಟ್ಟಿನಿಂದ ಹೋಗಿ ಕೇಳಿದಾಗ, ಮಾತಾಡದೆ ಬೆರಳು ತೋರಿಸಿದನು. ಮದನಿಕೆಯ ತಲೆಯ ಮೇಲಿನ ಬಳಪದ ಕಲ್ಲಿನ ಎಲೆಬಳ್ಳಿಯ ನಡುವೆ ಒಂದು ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ಆ ನೊಣದ ಕಡೆಗೆ ಮೈಯನ್ನು ಬಿಗಿಹಿಡಿದು ಹೊಂಚು ಹಾಕಿರುವ ಒಂದು ಹಲ್ಲಿ. ಎಂಟುನೂರ ಎಂಬತ್ತು ವರ್ಷಗಳಿಂದ ಆ ಹಲ್ಲಿ ಹಾರಿಲ್ಲ, ಆ ನೊಣ ಏಳಲಿಲ್ಲ. “ಅದು ಹಾರೋದ್ರೊಳಗೆ ತೆಗಿಬೇಕಿತ್ತು ಕಣ್ರೋ” ಎಂದನು ರೀಲು, ನಿಜವಾಗಿಯೂ ಅವಸರದಲ್ಲಿದ್ದವನ ಧ್ವನಿಯಲ್ಲಿ. ಯಾರಿಗೂ ಬೈಯಲು ಮನಸ್ಸು ಬರಲಿಲ್ಲ. ಗುಡಿಯ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಇಬ್ಬರು. ಅವರು ಕೆಳಗಿಳಿದು ಬಂದು ನಮ್ಮ 41 ಜನರ ಪೈಕಿ ಒಬ್ಬನನ್ನು ಶಿಷ್ಯನನ್ನಾಗಿ ಆರಿಸಿಕೊಳ್ಳುವುದಾಗಿದ್ದರೆ ರೀಲನ್ನೇ ಆರಿಸುತ್ತಿದ್ದರೆಂದು ನಾನು ಅಂದೇ ಬರೆದಿದ್ದೇನೆ, ಈಗಲೂ ಹಾಗೆಯೇ ನಂಬುತ್ತೇನೆ.

ಸಂಜೆ ಚಿಕ್ಕಮಗಳೂರಿಗೆ ಹೊರಟೆವು. ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಯ ವಿಷಯವನ್ನು ಕನ್ನಡ ಮೇಷ್ಟ್ರು ಬಸ್ಸಿನಲ್ಲಿ ನಿಂತೇ ಹೇಳಿದರು: ಸುಮಾರು 450ರ ಕಾಲದ ಆ ಶಾಸನದಲ್ಲಿ ಊರಿನ ಹೆಸರು ‘ಪಲ್ಮಡಿ’ ಎಂದಿದೆ, ಹಾಲು ಪಾಲಾಗಿದ್ದಂತೆ, ಹಲ್ಲು ಪಲ್ಲಾಗಿದ್ದಂತೆ. ಆಗ ಹಿಂದಿನ ಸೀಟಿನಿಂದ ಒಬ್ಬೊಬ್ಬರೇ ತಮ್ಮ ಹೆಸರುಗಳಲ್ಲಿನ ‘ಹ’ಕಾರವನ್ನು ‘ಪ’ಕಾರ ಮಾಡಿಕೊಳ್ಳತೊಡಗಿ, ಹಾಜರಿ ‘ಪಾಜರಿ’ಯಾದಳು.

ಮೂರನೆಯ ದಿನ

ಬೆಳಗ್ಗೆ ಆರಕ್ಕೆ ಮುಳ್ಳಯ್ಯನಗಿರಿಯ ದಾರಿ ಹಿಡಿದೆವು. ನಾವು ಬಯಲುಸೀಮೆಯವರು, ನಮ್ಮ ರಸ್ತೆಗಳಿಗೆ ತಿರುವು ಗೊತ್ತಿಲ್ಲ. ಐದನೆಯ ತಿರುವಿನಲ್ಲಿ ಪೈಲ್ವಾನನ ಮುಖ ಬಿಳಿಚಿತು, ಎಂಟನೆಯದರಲ್ಲಿ ಅವನು ಕಿಟಕಿಗೆ ಒರಗಿದನು. ಉಳಿದದ್ದನ್ನು ಬರೆಯುವುದು ಬೇಡ. ಆಗ ಅವನ ಪಕ್ಕಕ್ಕೆ ಹೋಗಿ ಕುಳಿತು, ಜೇಬಿನಿಂದ ನಿಂಬೆಹಣ್ಣು ತೆಗೆದು ಮೂಸಿಸಿ, ಬೆನ್ನು ನೀವಿ, ನೀರು ಕುಡಿಸಿದವನು ಲವಂಗ. ಪೈಲ್ವಾನ ಬಸ್ಸಿನಿಂದ ಇಳಿಯುವಾಗ ತನ್ನ ಉಲ್ಲನ್ ಟೊಪ್ಪಿಗೆಯನ್ನು ತೆಗೆದು ಲವಂಗನ ತಲೆಗೆ ಹಾಕಿದನು. ಅದು ಅವನ ಕಣ್ಣನ್ನೂ ಮುಚ್ಚಿತು.

ದಾರಿಯುದ್ದಕ್ಕೂ ಕಾಫಿ ತೋಟಗಳು. ಕುಯ್ಲಿನ ಕಾಲವಾದ್ದರಿಂದ ಗಿಡಗಳ ತುಂಬ ಕೆಂಪು ಹಣ್ಣು, ಕಣಗಳಲ್ಲಿ ಹರಡಿದ ಕಾಫಿ. ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಖಾದಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ನೆಟ್ಟರೆಂಬ ಕಥೆಯನ್ನು ಸಮಾಜದ ಮೇಷ್ಟ್ರು ಹೇಳಿದರು. ಕೊಬ್ಬರಿಯ ಚಿಂತೆ ಬೇರೆಯಾಗಿತ್ತು. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಗಳನ್ನು ತುದಿಯವರೆಗೂ ನೋಡಿ, “ಇಷ್ಟೆತ್ತರ ಬೆಳೆದು ಮೇಲೆ ಏನೂ ಬಿಡಲ್ವಲ್ಲ ಸಾ” ಎಂದು ನೊಂದುಕೊಂಡನು.

ಬಸ್ಸು ನಿಂತ ಜಾಗದಿಂದ ಮೇಲಕ್ಕೆ ನಡೆದೆವು. ಗಾಳಿಯೆಂದರೆ ಹಲ್ಲು ಕಟಕಟಿಸುವ ಗಾಳಿ. ಮಂಜು ಎಷ್ಟಿತ್ತೆಂದರೆ ಹಾಜರಿ ಹೆಸರು ಕೂಗುವುದೊಂದೇ ನಾವು ಇದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿತ್ತು. ಇಲ್ಲಿ ನಾನು ಇಬ್ಬರು ಗೆಳತಿಯರ ವಿಷಯ ಹೇಳಬೇಕು. ಒಂದನೆಯ ತರಗತಿಯಿಂದ ಒಂದೇ ಬೆಂಚಿನಲ್ಲಿ ಕುಳಿತ ಈ ಇಬ್ಬರೂ, ಒಂದು ಕೈವಾರದ ಮುರಿದ ಮುಳ್ಳಿನ ಕಾರಣಕ್ಕೆ ದಸರಾ ರಜೆಯ ಮುಂಚೆ ಠೂ ಬಿಟ್ಟಿದ್ದರು. ಆದರೂ ಬೆಂಚು ಬದಲಿಸಲಿಲ್ಲ. ನಡುವೆ ಮೂರನೆಯವಳೊಬ್ಬಳನ್ನು ಕೂರಿಸಿಕೊಂಡು, ಅವಳ ಮೂಲಕ ಮಾತಾಡುತ್ತಿದ್ದರು: “ಅವಳಿಗೆ ಹೇಳೇ, ನನ್ನ ಪೆನ್ಸಿಲ್ ಕೊಡಬೇಕಂತೆ”, “ಇವಳಿಗೆ ಹೇಳೇ, ಅದು ಬೆಂಚಿನ ಕೆಳಗೆ ಬಿದ್ದಿದೆಯಂತೆ.” ಆ ಮಧ್ಯಸ್ಥೆಗೆ ಚಳಿಜ್ವರ ಬಂದಂತಾಗಿ ಆ ದಿನ ಬಸ್ಸಿನಲ್ಲೇ ಉಳಿದಿದ್ದಳು. ಬೆಟ್ಟದ ಮೆಟ್ಟಿಲ ಮೇಲೆ ಇಬ್ಬರಲ್ಲಿ ಒಬ್ಬಳ ಬಳಿ ಮಾತ್ರ ಶಾಲು ಇತ್ತು. ಅವಳು ಸ್ವಲ್ಪ ಹೊತ್ತು ಎತ್ತಲೋ ನೋಡಿ, ಶಾಲಿನ ಅರ್ಧವನ್ನು ಪಕ್ಕಕ್ಕೆ ಚಾಚಿದಳು. ಇನ್ನೊಬ್ಬಳು ಎತ್ತಲೋ ನೋಡುತ್ತಲೇ ಅದರೊಳಗೆ ಸೇರಿದಳು. ಮಂಜಿನಲ್ಲಿ ಎರಡು ತಲೆಗಳ ಒಂದೇ ಮೈ ಮೆಟ್ಟಿಲು ಹತ್ತುತ್ತಿರುವಾಗ ಹಿಂದಿನಿಂದ ನಾನು ಕೇಳಿದ ಮಾತು ಇದು: “ಅವಳಿಗೆ ಹೇಳೇ, ಕಾಲು ನೋಡ್ಕೊಂಡು ಇಡಬೇಕಂತೆ.” “ಇವಳಿಗೆ ಹೇಳೇ, ಶಾಲು ನೆಲಕ್ಕೆ ಎಳೀತಿದೆಯಂತೆ.” ಹೇಳುವವಳು ಅಲ್ಲಿಲ್ಲ. ಆದರೂ ಮಾತು ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೆ ಸರಿಯಾಗಿ ತಲುಪುತ್ತಿತ್ತು. ತುದಿ ಮುಟ್ಟುವ ಹೊತ್ತಿಗೆ, ಇಬ್ಬರೂ ‘ಹೇಳೇ’ ಎಂಬುದನ್ನು ಮರೆತಿದ್ದರು.

ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆಯ ಗುಡಿಯಿದೆ. ಕರ್ನಾಟಕದ ಅತ್ಯುನ್ನತ ಶಿಖರ, 1,930 ಮೀಟರ್, ಅಂದರೆ ಸುಮಾರು 6,330 ಅಡಿ ಎಂದು ಸಮಾಜದ ಮೇಷ್ಟ್ರು ಹೇಳಿದರು. ಮಂಜು ಸರಿದು ಕೆಳಗಿನ ಬಯಲು ಒಂದು ಕ್ಷಣ ಕಂಡಿತು. ಕೊಬ್ಬರಿ ಬೆರಳು ಮಡಿಚುತ್ತ, ತುಟಿ ಕದಲಿಸುತ್ತ, ಅರ್ಧ ನಿಮಿಷ ನಿಂತನು. “ಒಂದರ ಮೇಲೊಂದು ನೂರಾ ಒಂಬತ್ತು ಗೊಮ್ಮಟ ಸಾ” ಎಂದನು. ಗಣಿತದ ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಅಂಗೈ ಮೇಲೆ 58ರಿಂದ 109ನ್ನು ಗುಣಿಸಿದರು: 6,322. ಅವರು ತಮ್ಮ ಅಂಗೈಯನ್ನು ಅವನ ಮುಂದೆ ಹಿಡಿದರು; ಈ ಸಲ ಮಡಿಸಲಿಲ್ಲ.

ಇಳಿದು ಬಂದು ಹಿರೇಮಗಳೂರಿನ ಕೋದಂಡರಾಮನ ಗುಡಿಗೆ ಹೋದೆವು. ಅಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಅರ್ಚನೆ ನಡೆಯುವುದು ಕನ್ನಡದಲ್ಲಿ. ದೇವರಿಗೆ ಹೇಳುತ್ತಿರುವುದು ತಮಗೂ ಅರ್ಥವಾಗುತ್ತಿದೆ ಎಂದು ತಿಳಿದ ಕೂಡಲೇ ಹಿಂದಿನ ಸಾಲಿನ ಹುಡುಗರು ತಳ್ಳಾಟ ನಿಲ್ಲಿಸಿ, ನೆಟ್ಟಗೆ ನಿಂತು, ಕೈಮುಗಿದರು. ಅಂಕ ಪೆನ್ನನ್ನು ಪುಸ್ತಕದೊಳಗಿಟ್ಟು ಮುಚ್ಚಿದಳು. ಮೂರು ದಿನಗಳಲ್ಲಿ ಅವಳು ಏನನ್ನೂ ಬರೆದುಕೊಳ್ಳದೆ ನಿಂತದ್ದು ಅಲ್ಲೊಂದೇ ಕಡೆ, ಸುಮಾರು ಹತ್ತು ನಿಮಿಷ.

ಬಿಸಿಲು ಇಳಿಯುವ ಹೊತ್ತಿಗೆ ಬೆಳವಾಡಿ. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹರ ಮೂರು ಗರ್ಭಗುಡಿಗಳ ವಿಶಾಲವಾದ ದೇಗುಲ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರಿನವರ ನಂಬಿಕೆ. ಬಂಡಿ ಅನ್ನದ ಕಥೆ ಕೇಳಿ ಗುಳ್ಳಕಾಯಜ್ಜಿಗೆ ಹಸಿವಾಯಿತು. ರೀಲಿನಲ್ಲಿ ಒಂದೇ ಚಿತ್ರ ಉಳಿದಿತ್ತು. ಕಡೆದ ಕಂಬಗಳ ನಡುವೆ ಬೆಳಕು ಬಲದಿಂದ ಬೀಳುತ್ತಿದೆ, ಎಲ್ಲರೂ ಬನ್ನಿ ಎಂದು ರೀಲು ತಾನಾಗಿಯೇ ಕರೆದನು. ಹಾಜರಿ ಕ್ರಮಸಂಖ್ಯೆಯ ಪ್ರಕಾರ ನಿಲ್ಲಿಸಲು ಹೊರಟಾಗ, ಬೇಡ, ಮೂರು ದಿನ ಯಾರ ಪಕ್ಕ ಯಾರಿದ್ದರೋ ಹಾಗೇ ನಿಲ್ಲಲಿ ಎಂದು ಅವನು ಹಟ ಹಿಡಿದನು. ಆ ಚಿತ್ರದಲ್ಲಿ ಒಂದು ಶಾಲಿನಲ್ಲಿ ಮೂವರಿದ್ದಾರೆ. ಲವಂಗನ ಮುಖವನ್ನು ಟೊಪ್ಪಿಗೆ ಮುಚ್ಚಿದೆ. ಭಾಗವತರು ತಲೆಯೆತ್ತಿ ನೇರವಾಗಿ ನೋಡುತ್ತಿದ್ದಾರೆ. ಕ್ಯಾಮೆರಾದ ಗುಂಡಿ ಒತ್ತಿದವರು ಚಾಲಕರಾದ್ದರಿಂದ ರೀಲೂ ಇದ್ದಾನೆ, ಆದರೆ ಅವನ ಗಮನ ನಮ್ಮ ಕಡೆಗಾಗಲಿ ಕ್ಯಾಮೆರಾದ ಕಡೆಗಾಗಲಿ ಇಲ್ಲ, ಕಂಬದ ಮೇಲೆ ಹರಿಯುತ್ತಿರುವ ಒಂದು ಇರುವೆಯ ಕಡೆಗಿದೆ.

ಜಾವಗಲ್ ದಾಟುವಾಗ ಕತ್ತಲೆಯಾಗಿತ್ತು. ದಾರಿಯಲ್ಲಿ ಊರು ಬಂದಂತೆಲ್ಲ ಬಸ್ಸು ನಿಲ್ಲುತ್ತಿತ್ತು, ಒಬ್ಬೊಬ್ಬರೇ ಇಳಿಯುತ್ತಿದ್ದರು, ಹಾಜರಿ ಟಾರ್ಚಿನ ಬೆಳಕಿನಲ್ಲಿ ಹೆಸರಿಗೆ ಗುರುತು ಹಾಕುತ್ತಿದ್ದಳು. ಕೊಬ್ಬರಿಯ ತೋಟದ ಮುಂದೆ ನಿಂತಾಗ ಬಸ್ಸಿನಲ್ಲಿ ಅವನನ್ನು ಬಿಟ್ಟು 11 ಮಂದಿ ವಿದ್ಯಾರ್ಥಿಗಳು, 3 ಮಂದಿ ಮೇಷ್ಟ್ರುಗಳು ಮತ್ತು ಚಾಲಕರು ಉಳಿದಿದ್ದೆವು. ಅವನ ತಂದೆ ಲಾಟೀನು ಹಿಡಿದು ಗೇಟಿನ ಬಳಿ ನಿಂತಿದ್ದರು. ಕೊಬ್ಬರಿ ಕೆಳಗಿಳಿದವನು ಚೀಲವನ್ನು ತಂದೆಯ ಕೈಗಿಟ್ಟು, “ಐದು ನಿಮಿಷ ನಿಲ್ಸಿ ಸಾ” ಎಂದು ಕೂಗಿ ಕತ್ತಲೆಯೊಳಕ್ಕೆ ಓಡಿದನು. “ರಾತ್ರಿ ಹೊತ್ತು ಮರ ಮುಟ್ಟಬಾರದು ಕಣೋ, ಎಷ್ಟು ಸಲ ಹೇಳೋದು ನಿಂಗೆ” ಎಂದು ಬೈಯುತ್ತಲೇ ತಂದೆ ಅವನ ಹಿಂದೆ ಹೋಗಿ, ಬುಡದಲ್ಲಿ ನಿಂತು, ಲಾಟೀನನ್ನು ತಲೆಯ ಮೇಲೆ ಎತ್ತಿ ಹಿಡಿದರು. ಅವನು ಮರಕ್ಕೆ ಕೈಮುಗಿದು ಹತ್ತಿದನು. ಸ್ವಲ್ಪ ಹೊತ್ತಿನಲ್ಲೇ ಹಗ್ಗದ ತುದಿಗೆ ಕಟ್ಟಿದ ಎಳನೀರಿನ ಗೊನೆ ಇಳಿದು ಬಂತು.

ಹಾಜರಿ ಬಾಗಿ ಎಣಿಸಿದಳು. “ಹನ್ನೆರಡೇ ಇದೆ ಕಣೋ, ನಾವು ಹದಿನೈದು ಜನ” ಎಂದು ಮೇಲಕ್ಕೆ ಮುಖ ಮಾಡಿ ಕೂಗಿದಳು.

“ತಡಿಯೇ, ಪಕ್ಕದ ಮರದ್ದು ಇನ್ನೂ ಸಿಹಿ” ಎಂಬ ಮಾತು ಕತ್ತಲೆಯಿಂದ ಕೇಳಿಸಿತು. ಅವನು ಸರಸರನೆ ಇಳಿದನು. ತಂದೆ ಲಾಟೀನನ್ನು ಪಕ್ಕದ ಮರದ ಕಡೆಗೆ ತಿರುಗಿಸಿದರು.